ದಾಂಡೇಲಿಗೋ, ಸಕಲೇಶಪುರಕ್ಕೋ?

ಶನಿವಾರ, ಭಾನುವಾರದ ಪಕ್ಕದಲ್ಲಿ ಒಂದು ಸರ್ಕಾರಿ ರಜೆ ಬಂದರೆ ಸಾಕು, ಸ್ನೇಹಿತರ ವಾಟ್ಸಾಪ್ ಗುಂಪಿನಲ್ಲಿ ಈ ಎರಡು ಹೆಸರು ಬಂದೇ ಬರುತ್ತವೆ. ಒಬ್ಬರಿಗೆ ರಾಫ್ಟಿಂಗ್ ಬೇಕು. ಇನ್ನೊಬ್ಬರಿಗೆ ಕಾಫಿ ತೋಟದ ಹೋಮ್‌ಸ್ಟೇ ಬೇಕು. ಮಾತು ಬೆಳೆದು ಬೆಳೆದು, ಕೊನೆಗೆ ಯಾರು ಮೊದಲು ರೂಮ್ ಬುಕ್ ಮಾಡಿದರೋ ಅವರ ಊರಿಗೆ ಎಲ್ಲರೂ ಹೊರಡುತ್ತಾರೆ.

ಎರಡೂ ಪಶ್ಚಿಮ ಘಟ್ಟದ ಸಣ್ಣ ಊರುಗಳು. ಎರಡರಲ್ಲೂ ಕಾಡಿದೆ, ನದಿಯಿದೆ, ಮಳೆಯಿದೆ. ಫೋಟೋದಲ್ಲಿ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುವುದೇ ಇಲ್ಲ. ಹೋಗಿ ನೋಡಿದರೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ನನ್ನ ಲೆಕ್ಕ ಇಷ್ಟೇ. ದಾಂಡೇಲಿಗೆ ಹೋಗುವುದು ಏನಾದರೂ ಮಾಡುವುದಕ್ಕೆ. ಸಕಲೇಶಪುರಕ್ಕೆ ಹೋಗುವುದು ಸುಮ್ನೆ ಇರುವುದಕ್ಕೆ, ಮನಸ್ಸಾದರೆ ಒಂದು ಬೆಟ್ಟ ಹತ್ತುವುದಕ್ಕೆ. ಇದನ್ನು ಉಲ್ಟಾ ಮಾಡಿಕೊಂಡವರೇ ವಾಪಸ್ ಬಂದು ಗೊಣಗುವುದು. ಸಕಲೇಶಪುರದಲ್ಲಿ "ನೋಡೋಕೆ ಏನೂ ಇಲ್ಲ" ಅನ್ನುವವರು, ದಾಂಡೇಲಿಯಲ್ಲಿ "ಬರೀ ಓಡಾಟವೇ ಆಯ್ತು" ಅನ್ನುವವರು, ಇಬ್ಬರೂ ಹೋಗಬೇಕಾಗಿದ್ದ ಊರು ಬೇರೆ.

ಮೊದಲು ದೂರ ನೋಡಿಕೊಳ್ಳಿ

ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿಲೋಮೀಟರ್. ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿದರೆ ಬಂತು. ಬೆಳಿಗ್ಗೆ ಬೇಗ ಹೊರಟರೆ ದಾರಿಯಲ್ಲಿ ತಿಂಡಿ ಮುಗಿಸಿಯೂ ಮಧ್ಯಾಹ್ನದ ಊಟಕ್ಕೆ ತೋಟದ ಮನೆಯಲ್ಲಿರಬಹುದು. ಮಂಗಳೂರಿನ ಬಸ್ಸುಗಳು ಈ ಊರಿನ ಮೇಲೆಯೇ ಹೋಗುವುದರಿಂದ ಸ್ವಂತ ಗಾಡಿ ಇಲ್ಲದವರಿಗೂ ಊರು ಮುಟ್ಟುವುದು ಕಷ್ಟವಿಲ್ಲ. ಮೈಸೂರಿನವರಿಗೆ, ಮಂಗಳೂರಿನವರಿಗೆ ಇನ್ನೂ ಹತ್ತಿರ.

ದಾಂಡೇಲಿ ಬೆಂಗಳೂರಿನಿಂದ 460 ಕಿಲೋಮೀಟರ್‌ಗಿಂತ ಜಾಸ್ತಿ. ಹುಬ್ಬಳ್ಳಿಯವರೆಗೆ ಹೆದ್ದಾರಿ ಚೆನ್ನಾಗಿದ್ದರೂ ಎಂಟು-ಒಂಬತ್ತು ಗಂಟೆ ಹಿಡಿಯುತ್ತದೆ. ಎರಡು ದಿನದ ರಜೆಯಲ್ಲಿ ಕಾರಿನಲ್ಲಿ ಹೋಗಿ ಬರುತ್ತೇವೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಒಂದು ದಿನ ಹೋಗುವುದಕ್ಕೆ, ಒಂದು ದಿನ ಬರುವುದಕ್ಕೆ, ನಡುವೆ ಒಂದು ರಾತ್ರಿ ನಿದ್ದೆ. ಅಷ್ಟಕ್ಕೆ ಅಷ್ಟು ದೂರ ಯಾಕೆ? ರಾತ್ರಿ ಸ್ಲೀಪರ್ ಬಸ್ಸಿನಲ್ಲೋ ರೈಲಿನಲ್ಲೋ ಹುಬ್ಬಳ್ಳಿ, ಧಾರವಾಡಕ್ಕೆ ಹೋಗಿ, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ ಹಿಡಿದರೆ ಒಂದು ಹಗಲು ಉಳಿಯುತ್ತದೆ. 2023ರಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಕೂಡ ಇದೆ. ಧಾರವಾಡದಿಂದ ದಾಂಡೇಲಿ 60 ಕಿಲೋಮೀಟರ್ ಒಳಗೆ, ಹುಬ್ಬಳ್ಳಿಯಿಂದ 75ರ ಹತ್ತಿರ.

ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರಿಗೆ ಈ ಲೆಕ್ಕ ಪೂರ್ತಿ ತಿರುಗುತ್ತದೆ. ಅವರಿಗೆ ದಾಂಡೇಲಿ ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗ. ಬೆಂಗಳೂರಿನವರು ಬರೆದ ಪಟ್ಟಿಗಳಲ್ಲಿ ಸಕಲೇಶಪುರ ಯಾವಾಗಲೂ ಮೇಲೆ ಇರುವುದಕ್ಕೆ ಅರ್ಧ ಕಾರಣ ಈ ದೂರವೇ, ಅಲ್ವಾ?

ಕಾಳಿ ನದಿ ಮತ್ತು ಅದರ ಟೈಮ್ ಟೇಬಲ್

ದಾಂಡೇಲಿ ರಾಫ್ಟಿಂಗ್ ಅಂತ ಎಲ್ಲರೂ ಹೇಳುತ್ತಾರಾದರೂ ಅದು ನಡೆಯುವುದು ದಾಂಡೇಲಿ ಪೇಟೆಯಲ್ಲಲ್ಲ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಸುತ್ತಮುತ್ತ. ಪೇಟೆಯಿಂದ ಕಾಡಿನ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್‌ಗೂ ಸ್ವಲ್ಪ ಮೇಲೆ. ಕಾಳಿ ನದಿ ಇದೇ ಜೋಯಿಡಾ ತಾಲ್ಲೂಕಿನ ಡಿಗ್ಗಿ ಕಡೆಯಿಂದ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಹುಟ್ಟಿದಲ್ಲಿಂದ ಸ್ವಲ್ಪ ದೂರ ಬರುವಷ್ಟರಲ್ಲೇ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಸಿಗುತ್ತದೆ. 100 ಮೀಟರ್‌ಗಿಂತ ಎತ್ತರದ ಕಟ್ಟೆ. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು.

ಈ ಅಣೆಕಟ್ಟೇ ರಾಫ್ಟಿಂಗ್‌ನ ಗುಟ್ಟು. ಇಲ್ಲಿ ನೀರು ಹರಿಯುವುದು ಮಳೆ ನೋಡಿಕೊಂಡಲ್ಲ, ಕರೆಂಟ್ ಬೇಕಾದಾಗ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗಿನ ನದಿ ತುಂಬಿ ಓಡುತ್ತದೆ. ನಿಲ್ಲಿಸಿದಾಗ ಬಂಡೆಗಳು ಮೇಲೆ ಬರುತ್ತವೆ. ಬೇರೆ ನದಿಗಳೆಲ್ಲ ಸೊರಗಿರುವ ಏಪ್ರಿಲ್, ಮೇ ತಿಂಗಳಲ್ಲೂ ಕಾಳಿಯಲ್ಲಿ ಬೋಟು ಇಳಿಯುವುದು ಇದರಿಂದಲೇ. ಮಳೆಗಾಲದಲ್ಲಿ ನದಿ ಭರ್ತಿಯಾಗಿದ್ದರೂ ರಾಫ್ಟಿಂಗ್ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಹಾಗಾಗಿ ರೂಮಿಗೆ ದುಡ್ಡು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ "ನಾವು ಬರುವ ದಿನ ನೀರು ಬಿಡುತ್ತಾರಾ, ಎಷ್ಟು ಹೊತ್ತಿಗೆ?" ಅನ್ನುವುದು. ಎಸಿ ಇದೆಯಾ, ಈಜುಕೊಳ ಇದೆಯಾ ಅನ್ನುವುದೆಲ್ಲ ಆಮೇಲೆ.

ಇನ್ನೊಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ಯಾಕೇಜಿನಲ್ಲಿ "ರಾಫ್ಟಿಂಗ್ ಸೇರಿದೆ" ಅಂತ ಬರೆದಿರುತ್ತಾರೆ. ಅದು ಯಾವ ರಾಫ್ಟಿಂಗ್? ಉದ್ದದ್ದು ಒಂಬತ್ತು ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು, ದಾರಿಯಲ್ಲಿ ಹಲವು ರಾಪಿಡ್‌ಗಳು, ಅಂದರೆ ನೀರು ಬಂಡೆಗಳ ನಡುವೆ ರಭಸವಾಗಿ ಧುಮುಕುವ ಜಾಗಗಳು. ಮೊದಲ ಸಲ ಬರುವವರೂ ಮಾಡಬಹುದಾದ ಮಟ್ಟದವು, ಆದರೆ ಹೊಟ್ಟೆಯಲ್ಲಿ ಒಂದೆರಡು ಸಲ ಝುಂ ಅನ್ನುವುದು ಖಂಡಿತ. ಚಿಕ್ಕದ್ದು ಒಂದೆರಡು ಕಿಲೋಮೀಟರಿನ ಸವಾರಿ, ಒಂದು ರಾಪಿಡ್ ಇಳಿದು ಮುಗಿಯುತ್ತದೆ. ಪ್ಯಾಕೇಜಿನೊಳಗೆ ಇರುವುದು ಬಹಳ ಸಲ ಚಿಕ್ಕದ್ದೇ. ಅದೂ ಕೆಟ್ಟದ್ದೇನಲ್ಲ. ಮಕ್ಕಳಿರುವವರಿಗೆ ಅದೇ ಸಾಕು. ಆದರೆ ಉದ್ದದ್ದಕ್ಕೋಸ್ಕರ ಬೆಂಗಳೂರಿನಿಂದ ರಾತ್ರಿಯಿಡೀ ಬಂದವರಿಗೆ ಚಿಕ್ಕದ್ದು ಸಿಕ್ಕರೆ ಬೇಜಾರಾಗುತ್ತದೆ. ಫೋನಿನಲ್ಲೇ ಕೇಳಿ: ಎಷ್ಟು ಕಿಲೋಮೀಟರ್, ಎಲ್ಲಿಂದ ಎಲ್ಲಿಗೆ, ಒಂದು ರಾಫ್ಟಿಗೆ ಎಷ್ಟು ಜನ.

ಎಷ್ಟು ಜನ ಅನ್ನುವುದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ರಜೆ ದಿನ ಗಿಜಿಗುಡುವಾಗ ಒಂದೇ ರಾಫ್ಟಿಗೆ ಜಾಸ್ತಿ ಜನ ಹತ್ತಿಸುವ ಆಸೆ ಇದ್ದೇ ಇರುತ್ತದೆ. ಲೈಫ್ ಜಾಕೆಟ್, ಹೆಲ್ಮೆಟ್ ಇಬ್ಬರಿಗೊಂದು ಅನ್ನುವ ಪರಿಸ್ಥಿತಿ ಇದ್ದರೆ ಆ ರಾಫ್ಟ್ ಹತ್ತಬೇಡಿ. ಈಜು ಬರಲೇಬೇಕು ಅಂತಿಲ್ಲ, ಜಾಕೆಟ್ಟಿನ ಪಟ್ಟಿ ಬಿಗಿಯಾಗಿರಬೇಕು ಅಷ್ಟೇ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ದಡದಲ್ಲೇ ಕೂರುವುದು ಒಳ್ಳೆಯದು.

ರಾಫ್ಟಿಂಗ್ ಬಿಟ್ಟರೆ ಕಯಾಕ್ ಇದೆ, ತೆಪ್ಪ ಇದೆ, ನೀರಿನ ಮೇಲೆ ಹಾದುಹೋಗುವ ಜಿಪ್‌ಲೈನ್ ಇದೆ. ಬಂಡೆಗಳ ನಡುವೆ ನೀರು ಸುಳಿಯುವ ಕಡೆ ಕೂರಿಸಿ ಅದಕ್ಕೆ ಜಕೂಜಿ ಅನ್ನುತ್ತಾರೆ. ನಗು ಬರುತ್ತದೆ ನಿಜ, ಕೂತ ಮೇಲೆ ಏಳುವುದಕ್ಕೆ ಮನಸ್ಸು ಬರುವುದಿಲ್ಲ ಅನ್ನುವುದೂ ನಿಜ.

ಒಂದು ಎಚ್ಚರಿಕೆ. ಕಾಳಿಯಲ್ಲಿ ಮೊಸಳೆಗಳಿವೆ. ದಾಂಡೇಲಿ ಪೇಟೆಯ ಹತ್ತಿರದ ದಾಂಡೇಲಪ್ಪ ದೇವಸ್ಥಾನದ ಕಡೆ ದಡದಲ್ಲಿ ಬಿಸಿಲು ಕಾಯಿಸುತ್ತ ಮಲಗಿರುವುದನ್ನು ನೋಡುವುದಕ್ಕೇ ಜನ ಹೋಗುತ್ತಾರೆ. ಹಾಗಾಗಿ "ನದಿ ಶಾಂತವಾಗಿದೆ, ಒಂದು ಮುಳುಗು ಹಾಕೋಣ" ಅನ್ನುವುದು ಇಲ್ಲಿ ಬೇಡ. ಕ್ಯಾಂಪಿನವರು ತೋರಿಸಿದ ಜಾಗದಲ್ಲಿ ಮಾತ್ರ ನೀರಿಗಿಳಿಯಿರಿ.

ಹುಲಿ ನೋಡುವ ಆಸೆಯಿದ್ದರೆ

ದಾಂಡೇಲಿಯ ಸುತ್ತಲಿನ ಕಾಡು 1956ರಲ್ಲೇ ವನ್ಯಧಾಮವಾಯಿತು. 2007ರಲ್ಲಿ ಪಕ್ಕದ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು ಬಂತು. ಕಪ್ಪು ಚಿರತೆಗೂ ಈ ಕಾಡು ಹೆಸರುವಾಸಿ. ಇದನ್ನೆಲ್ಲ ಓದಿಕೊಂಡು ಸಫಾರಿ ಜೀಪು ಹತ್ತಿದವರು ಸಾಮಾನ್ಯವಾಗಿ ಜಿಂಕೆ, ಕಾಟಿ, ಕೆಂದಳಿಲು ನೋಡಿ ಇಳಿಯುತ್ತಾರೆ. ಕಾಡು ದಟ್ಟ, ಬಯಲು ಕಡಿಮೆ. ಪ್ರಾಣಿ ಹತ್ತು ಅಡಿ ಆಚೆ ನಿಂತಿದ್ದರೂ ಕಾಣುವುದಿಲ್ಲ. ಹುಲಿಯೇ ಗುರಿಯಾಗಿದ್ದರೆ ನಾಗರಹೊಳೆ, ಬಂಡೀಪುರದ ಕಡೆ ಮುಖ ಮಾಡಿ.

ಹಕ್ಕಿಯ ವಿಷಯಕ್ಕೆ ಬಂದರೆ ದಾಂಡೇಲಿಯ ಮುಂದೆ ಸಕಲೇಶಪುರ ನಿಲ್ಲುವುದೇ ಇಲ್ಲ. ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್, ಇಲ್ಲಿ ನಾಲ್ಕು ಬಗೆಯವು ಸಿಗುತ್ತವೆ. ಊರೊಳಗಿನ ಟಿಂಬರ್ ಡಿಪೋದಲ್ಲಿ ಬೆಳಿಗ್ಗೆ ನಿಂತರೆ ದೊಡ್ಡ ಮರಗಳ ತುದಿಯಲ್ಲಿ ಕಾಣುತ್ತವೆ. ನೋಡುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತದೆ. ಬೇಸಿಗೆಯ ಕಡೆಗೆ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿಕೊಂಡು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಕಾಳಿ ದಡದ ಒಂದಷ್ಟು ಕಾಡನ್ನು ಈ ಹಕ್ಕಿಗಾಗಿಯೇ 2011ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಅರಣ್ಯ ಇಲಾಖೆ 2018ರಲ್ಲಿ ಹಾರ್ನ್‌ಬಿಲ್ ಹಬ್ಬವನ್ನೂ ಶುರು ಮಾಡಿತು.

ಕ್ಯಾಮೆರಾ ಇರುವವರಿಗೆ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್ ಗೊತ್ತಿರುತ್ತದೆ. ಅಣೆಕಟ್ಟು ಕಟ್ಟುವಾಗ ಸ್ಫೋಟಕ ಇಡುತ್ತಿದ್ದ ಜಾಗ ಅದು. ಈಗ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ವಸತಿ. ಹಕ್ಕಿಗಳು ಸ್ನಾನಕ್ಕೆ ಬರಲಿ ಅಂತ ಸಣ್ಣ ನೀರಿನ ತೊಟ್ಟಿಗಳನ್ನಿಟ್ಟಿದ್ದಾರೆ. ನೀವು ಅಲುಗಾಡದೆ ಕೂತರೆ ಸಾಕು, ಅವೇ ಬರುತ್ತವೆ.

ಉಳಿದಂತೆ ಕವಳಾ ಗುಹೆ, ಸಿಂಥೇರಿ ಬಂಡೆ, ಉಳವಿ ಇವೆ. ಕವಳಾದಲ್ಲಿ ಮೆಟ್ಟಿಲು ಇಳಿದು, ಇಕ್ಕಟ್ಟಿನಲ್ಲಿ ಬಗ್ಗಿ ಹೋಗಬೇಕು, ಬಾವಲಿಗಳೂ ಇರುತ್ತವೆ. ಮೊಣಕಾಲು ನೋವಿನವರಿಗೆ, ಮುಚ್ಚಿದ ಜಾಗ ಅಂದರೆ ಭಯಪಡುವವರಿಗೆ ಬೇಡ. ಸಿಂಥೇರಿಯಲ್ಲಿ ಒಂದೇ ದೊಡ್ಡ ಬಂಡೆ, ಸುಮಾರು 300 ಅಡಿ ಎತ್ತರ, ಕೆಳಗೆ ಕಾನೇರಿ ಹೊಳೆ. ಬಂಡೆಯ ಮೇಲೆ ಹೆಜ್ಜೇನು ಗೂಡು ಕಟ್ಟಿರುತ್ತದೆ, ಅಲ್ಲಿ ಕಿರುಚಾಡಬೇಡಿ. ಉಳವಿ ಚನ್ನಬಸವಣ್ಣನ ಸಮಾಧಿ ಇರುವ ಊರು. ಭಕ್ತಿ ಇಲ್ಲದವರೂ ಆ ಕಾಡಿನ ರಸ್ತೆಗಾಗಿ ಒಮ್ಮೆ ಹೋಗಿ ಬರಬಹುದು.

ತೋಟ ಸಿಕ್ಕರೆ ಸಕಲೇಶಪುರ ಸಿಕ್ಕಂತೆ

ಸಕಲೇಶಪುರದ ಪೇಟೆ ಅಂದರೆ ಹೇಮಾವತಿ ಸೇತುವೆ, ಹೆದ್ದಾರಿ, ಲಾರಿ, ಕಾಫಿ-ಮೆಣಸಿನ ವ್ಯಾಪಾರ. ಪ್ರವಾಸಿಗೆ ಅಲ್ಲಿ ಅರ್ಧ ಗಂಟೆಯ ಕೆಲಸವೂ ಇಲ್ಲ. ಊರಿನ ಚಂದವೆಲ್ಲ ತೋಟದೊಳಗಿದೆ, ತೋಟಕ್ಕೆ ಬೇಲಿ ಇದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ದಾಂಡೇಲಿಯಲ್ಲಿ ನೀವು ಎಲ್ಲೇ ಉಳಿದರೂ ನದಿ ಎಲ್ಲರದ್ದೂ. ಸಕಲೇಶಪುರದಲ್ಲಿ ಹೊಳೆ, ಗುಡ್ಡ, ಕಾಲುದಾರಿ ಬಹುಪಾಲು ಯಾರದೋ ಜಮೀನಿನಲ್ಲಿವೆ. ನೀವು ಯಾವ ಮನೆಯಲ್ಲಿ ಉಳಿಯುತ್ತೀರೋ ಆ ಮನೆಯ ತೋಟವೇ ನಿಮ್ಮ ಸಕಲೇಶಪುರ.

ಅದಕ್ಕೇ ಇಲ್ಲಿ ಹೋಮ್‌ಸ್ಟೇ ಆರಿಸುವುದೇ ಪ್ರವಾಸದ ದೊಡ್ಡ ಕೆಲಸ. ಹೆದ್ದಾರಿ ಪಕ್ಕದಲ್ಲಿ ನಾಲ್ಕು ಕಾಟೇಜು ಕಟ್ಟಿ, ಕೃತಕ ಮಳೆಯ ಡ್ಯಾನ್ಸ್ ಫ್ಲೋರ್ ಹಾಕಿ, ರಾತ್ರಿ ಹನ್ನೊಂದರವರೆಗೆ ಡಿಜೆ ಹಾಕುವ ಕಡೆಯೂ ಹೋಮ್‌ಸ್ಟೇ ಅಂತಲೇ ಬೋರ್ಡು ಇರುತ್ತದೆ. ಮಾಲೀಕರು ಅಲ್ಲೇ ವಾಸ ಇರುವ, ನಿಜವಾಗಿ ಕಾಫಿ ಬೆಳೆಯುವ ಮನೆಯೂ ಹೋಮ್‌ಸ್ಟೇಯೇ. ಎರಡನೆಯದರಲ್ಲಿ ಬೆಳಿಗ್ಗೆ ಮನೆಯವರೇ ತೋಟ ಸುತ್ತಿಸುತ್ತಾರೆ. ಅರೇಬಿಕಾ ಯಾವುದು, ರೋಬಸ್ಟಾ ಯಾವುದು, ಮೆಣಸಿನ ಬಳ್ಳಿಗೆ ಯಾವ ಮರ, ನೆರಳು ಯಾಕೆ ಬೇಕು, ಎಲ್ಲ ಹೇಳುತ್ತಾರೆ. ಕಾಫಿ ರೇಟಿನ ಬಗ್ಗೆ ಒಂದು ಮಾತು ತೆಗೆದರಂತೂ ಮಧ್ಯಾಹ್ನದವರೆಗೆ ಬೇರೆ ಕಾರ್ಯಕ್ರಮ ಬೇಡ!

ಡಿಸೆಂಬರ್, ಜನವರಿಯಲ್ಲಿ ಹೋದರೆ ಕೊಯ್ಲು. ಕೆಂಪು ಹಣ್ಣು ಕೀಳುವುದು, ಕಣದಲ್ಲಿ ಹರಡುವುದು ನೋಡಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡಿಸುವ ಮಳೆ, ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯ ಥರದ ವಾಸನೆ. ಎರಡು-ಮೂರು ದಿನದಲ್ಲಿ ಮುಗಿದೇ ಹೋಗುತ್ತದೆ, ಮೊದಲೇ ತಾರೀಕು ಹಾಕಿಕೊಂಡು ಹೋಗುವಂಥದ್ದಲ್ಲ. ತೋಟದವರ ಪರಿಚಯ ಇದ್ದರೆ "ಮಳೆ ಬಿದ್ದರೆ ಒಂದು ಫೋನ್ ಮಾಡಿ" ಅಂತ ಹೇಳಿಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಸಕಲೇಶಪುರದಲ್ಲಿ ನೋಡಲೇಬೇಕಾದದ್ದು ಇದೊಂದೇ.

ಬೆಟ್ಟ ಹತ್ತುವವರಿಗೆ

ಕಾಲಿಗೆ ಕೆಲಸ ಕೊಡಬೇಕು ಅನ್ನುವವರಿಗೆ ಸಕಲೇಶಪುರವೇ ಸರಿ. ದಾಂಡೇಲಿಯ ಕಾಡು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಇಷ್ಟ ಬಂದ ಕಡೆ ನಡೆಯುವ ಹಾಗಿಲ್ಲ. ಸಕಲೇಶಪುರದ ಕಡೆ ಹುಲ್ಲುಗಾವಲಿನ ಬೋಳುಗುಡ್ಡಗಳು, ಅವುಗಳ ಮಡಿಲಲ್ಲಿ ಶೋಲಾ ಅನ್ನುವ ದಟ್ಟ ಕಣಿವೆಕಾಡು. ಜೇನುಕಲ್ಲು ಗುಡ್ಡ, ಪಾಂಡವರ ಗುಡ್ಡ, ಒಟ್ಟೂರು ಗುಡ್ಡ, ಪಟ್ಲ ಬೆಟ್ಟ. ಮೂಡಿಗೆರೆ ಕಡೆಗೆ ಸ್ವಲ್ಪ ಹೋದರೆ ಭೈರಾಪುರದ ಹತ್ತಿರ ಎತ್ತಿನ ಭುಜ. ಹೆಸರಿಗೆ ತಕ್ಕ ಹಾಗೆ ಎತ್ತಿನ ಹಿಣಿಲಿನಂತೆ ಎದ್ದು ನಿಂತ ಬಂಡೆಗುಡ್ಡ. ಕೊನೆಯ ಏರು ಕಡಿದಾಗಿದೆ, ಮಳೆಯಲ್ಲಿ ಜಾರುತ್ತದೆ.

ಈಗ ಇಂಥ ಚಾರಣಗಳಿಗೆ ಸುಮ್ನೆ ಹೋಗಿ ಹತ್ತುವ ಕಾಲ ಮುಗಿದಿದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಬಿಗಿ ಮಾಡಿತು. ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿಗಳನ್ನು ಮುಚ್ಚುವುದೂ ಉಂಟು. ಮುಚ್ಚದಿದ್ದರೂ ಆಗ ಹುಲ್ಲೆಲ್ಲ ಒಣಗಿ, ಗುಡ್ಡ ಬೋಳು ಹೊಡೆದು, ಫೋಟೋದಲ್ಲಿ ನೋಡಿದ ಹಸಿರು ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ ಒಳ್ಳೆಯ ಸಮಯ.

ಬೆಟ್ಟ ಹತ್ತಲಾರದವರಿಗೆ ಮಂಜರಾಬಾದ್ ಕೋಟೆ ಇದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮೇಲಿನಿಂದ ತೆಗೆದ ಡ್ರೋನ್ ಫೋಟೋ ನೋಡಿ ಹೋದವರಿಗೆ ಒಳಗೆ ನಿಂತಾಗ ನಕ್ಷತ್ರ ಕಾಣುವುದಿಲ್ಲ, ಗೋಡೆ ಕಾಣುತ್ತದೆ. ಆದರೂ ಮೋಡ ಇಲ್ಲದ ದಿನ ಅಲ್ಲಿಂದ ಘಟ್ಟದ ಸಾಲು ನೋಡುವುದಕ್ಕೆ ಆ ಮೆಟ್ಟಿಲು ಹತ್ತಬಹುದು. ಬಿಸಿಲೆ ಘಾಟಿಯ ವ್ಯೂ ಪಾಯಿಂಟ್ ಅದಕ್ಕಿಂತ ಚೆನ್ನ. ಎದುರಿಗೇ ಕುಮಾರಪರ್ವತದ ಸಾಲು.

ರೈಲಿನ ಮಾತು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಹಳಿಯಲ್ಲಿ 57 ಸುರಂಗ, 109 ಸೇತುವೆ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ದಾರಿ ಇದು. ಒಂದು ಕಾಲದಲ್ಲಿ ಹಳಿಯ ಮೇಲೆ ನಡೆಯುವ "ಗ್ರೀನ್ ರೂಟ್" ಚಾರಣ ಬಹಳ ಫೇಮಸ್ಸು. ಹಳೆಯ ಲೇಖನಗಳಲ್ಲಿ ಇನ್ನೂ ಅದನ್ನೇ ಬರೆದಿರುತ್ತಾರೆ. ಅದು ಕಾನೂನುಬಾಹಿರ. ಸುರಂಗದೊಳಗೆ ಇದ್ದಾಗ ರೈಲು ಬಂದರೆ ಸರಿದು ನಿಲ್ಲುವುದಕ್ಕೂ ಜಾಗ ಸಾಲದು. ಮಾಡಬೇಡಿ.

ಅದರ ಬದಲು ರೈಲಿನಲ್ಲೇ ಕೂತು ಹೋಗಿ. 2021ರಿಂದ ಯಶವಂತಪುರ–ಮಂಗಳೂರು ಹಗಲು ರೈಲುಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಒಂದೇ ಷರತ್ತು, ಹಗಲು ರೈಲೇ ಆಗಬೇಕು. ರಾತ್ರಿ ರೈಲಿನಲ್ಲಿ ಘಟ್ಟ ಇಳಿದರೆ ಕಾಣುವುದು ಕಿಟಕಿಯಲ್ಲಿ ನಿಮ್ಮದೇ ಮುಖ. ಹಗಲು ರೈಲು ಯಾವ ದಿನ ಇದೆ, ಕಾಮಗಾರಿ ಅಂತ ನಿಲ್ಲಿಸಿದ್ದಾರಾ ಅನ್ನುವುದನ್ನು ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಮಕ್ಕಳಿರುವ ಮನೆಯವರಿಗೆ ಈ ರೈಲೊಂದೇ ಸಕಲೇಶಪುರದ ಪರವಾಗಿ ಸಾಕು.

ಮಳೆಗಾಲದಲ್ಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾಂಡೇಲಿಯ ಅರ್ಧ ಅಂಗಡಿ ಮುಚ್ಚಿದ ಹಾಗೆ. ರಾಫ್ಟಿಂಗ್ ಇಲ್ಲ, ಕಾಡಿನ ರಸ್ತೆ ಕೆಸರಾದರೆ ಸಫಾರಿಯೂ ನಿಲ್ಲುತ್ತದೆ. ಮಾಡುವುದಕ್ಕೇ ಹೋಗುವ ಊರಿನಲ್ಲಿ ಮಾಡುವುದಕ್ಕೆ ಏನೂ ಇಲ್ಲದಿದ್ದರೆ ಹೋಗುವುದು ಯಾಕೆ? ಸಕಲೇಶಪುರ ಇದೇ ತಿಂಗಳುಗಳಲ್ಲಿ ಅತಿ ಚಂದ. ಹೆಂಚಿನ ಮೇಲೆ ಮಳೆ ಸದ್ದು, ತೋಟದಲ್ಲಿ ಮಂಜು, ಊಟಕ್ಕೆ ಕಳಲೆ ಪಲ್ಯ. ವರಾಂಡದಲ್ಲಿ ಕೂತು ಕಾಫಿ ಕುಡಿಯುವುದೇ ಕಾರ್ಯಕ್ರಮ ಅನ್ನುವವರಿಗೆ ಇದಕ್ಕಿಂತ ಬೇರೆ ಬೇಡ.

ಆದರೆ ಘಟ್ಟ ಕುಸಿಯುವುದೂ ಈಗಲೇ. 2018ರಲ್ಲೂ 2024ರ ಜುಲೈಯಲ್ಲೂ ಶಿರಾಡಿ ಘಾಟಿಯ ಹೆದ್ದಾರಿ, ರೈಲು ಹಳಿ ಎರಡರ ಮೇಲೂ ಮಣ್ಣು ಬಿದ್ದು ಸಂಚಾರ ನಿಂತಿತ್ತು. ಸಕಲೇಶಪುರದವರೆಗೆ ಬಂದು ನಿಲ್ಲುವವರಿಗೆ ಅಷ್ಟು ತೊಂದರೆಯಿಲ್ಲ, ಕುಸಿತ ಆಗುವುದು ಹೆಚ್ಚಾಗಿ ಊರಿನಿಂದ ಕೆಳಗೆ. ಮಂಗಳೂರಿನ ಕಡೆಯಿಂದ ಹತ್ತಿ ಬರುವವರು ಮಾತ್ರ ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ. ಜಲಪಾತದ ಬುಡದಲ್ಲಿ ಇಳಿಯುವ ಸಾಹಸ ಬೇಡ. ಇಂಬಳಗಳಂತೂ ಖಾತ್ರಿ. ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯನ್ನು ತೋಟದವರೇ ಕೊಡುತ್ತಾರೆ. ಕಚ್ಚಿದರೂ ಏನಾಗುವುದಿಲ್ಲ, ಸ್ವಲ್ಪ ರಕ್ತ ಹೋಗುತ್ತದೆ ಅಷ್ಟೇ. ಹೆದರುವವರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಬೇಸಿಗೆಯಲ್ಲಿ ಇದು ತಿರುಗುತ್ತದೆ. ಸಕಲೇಶಪುರ 900 ಮೀಟರ್‌ಗಿಂತ ಎತ್ತರದಲ್ಲಿದ್ದು ತಂಪಾಗಿರುತ್ತದೆ ನಿಜ, ಆದರೆ ಜಲಪಾತಗಳು ಬತ್ತಿರುತ್ತವೆ. ದಾಂಡೇಲಿ ಅದರ ಅರ್ಧ ಎತ್ತರದಲ್ಲಿದೆ. ಮಧ್ಯಾಹ್ನ ಸೆಖೆ ಜೋರು. ಆದರೂ ನದಿಯಲ್ಲಿ ನೀರಿದೆ, ಆ ಸೆಖೆಗೆ ನೀರಿಗಿಳಿಯುವುದೇ ಮಜಾ. ಪರೀಕ್ಷೆ ಮುಗಿದ ಮಕ್ಕಳನ್ನು ಏಪ್ರಿಲ್‌ನಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ ಅಂದರೆ ದಾಂಡೇಲಿಯೇ ಅನ್ನುತ್ತೇನೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಎರಡೂ ಚೆನ್ನ, ಎರಡರಲ್ಲೂ ಜನ ಜಾಸ್ತಿ.

ಆನೆ

ಸಕಲೇಶಪುರ, ಆಲೂರು ಕಡೆ ಕಾಡಾನೆಗಳು ತೋಟದಲ್ಲೇ ಓಡಾಡುತ್ತವೆ. ಇದು ಅಲ್ಲಿಯವರ ದಿನನಿತ್ಯದ ಸಂಕಟ, ಪ್ರವಾಸಿಯ ರೋಮಾಂಚನ ಅಲ್ಲ. ಜೀವ ಹೋಗಿದೆ, ಬೆಳೆ ಹೋಗಿದೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಮನೆಯವರು "ಇವತ್ತು ತೋಟಕ್ಕೆ ಹೋಗಬೇಡಿ" ಅಂದರೆ ಅಲ್ಲಿಗೆ ಮುಗಿಯಿತು, ವಾದ ಬೇಡ. ಕತ್ತಲಾದ ಮೇಲೆ ಒಳರಸ್ತೆಯಲ್ಲಿ ನಡೆಯುವುದು, ಬೈಕಿನಲ್ಲಿ ಸುತ್ತುವುದು ಬೇಡವೇ ಬೇಡ. ಊರು ತಲುಪುವುದೂ ಸಂಜೆಯೊಳಗೆ ಆಗಲಿ.

ಊಟ, ಜನ

ದಾಂಡೇಲಿಯಲ್ಲಿ 1950ರ ದಶಕದಿಂದ ಕಾಗದದ ಕಾರ್ಖಾನೆ ಇದೆ. ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ್ದಾರೆ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಊಟವೂ ಹಾಗೇ. ಧಾರವಾಡದ ಕಡೆಯ ಜೋಳದ ರೊಟ್ಟಿ ಒಂದು ಕಡೆ, ಕಾರವಾರದ ಮೀನು ಇನ್ನೊಂದು ಕಡೆ. ಜೋಯಿಡಾದ ಕುಣಬಿಯರು ಬೆಳೆಯುವ ಗೆಡ್ಡೆ-ಗೆಣಸಿಗೆ ಅಲ್ಲಿ ಮೇಳವೇ ನಡೆಯುತ್ತದೆ. ಆದರೆ ರೆಸಾರ್ಟಿನಲ್ಲಿ ಇದ್ಯಾವುದೂ ಸಿಗುವುದಿಲ್ಲ, ಅಲ್ಲಿ ಪನೀರ್, ಗೋಬಿ, ಜೀರಾ ರೈಸ್. ಒಂದು ಹೊತ್ತಾದರೂ ಪೇಟೆಯ ಖಾನಾವಳಿಯಲ್ಲಿ ಉಣ್ಣಿ.

ಸಕಲೇಶಪುರದ ತೋಟದ ಮನೆಯ ಊಟದ ಮುಂದೆ ಇದು ಸೋಲುತ್ತದೆ. ಅಕ್ಕಿ ರೊಟ್ಟಿ, ಕಡುಬು, ನಾಟಿ ಕೋಳಿ ಸಾರು. ಇಲ್ಲಿ ನನ್ನ ವೋಟು ಪೂರ್ತಿ ಸಕಲೇಶಪುರಕ್ಕೆ.

ಯಾರ ಜೊತೆ ಹೋಗುತ್ತಿದ್ದೀರಿ?

ಕಾಲೇಜು ಗೆಳೆಯರ ಗುಂಪು, ಆಫೀಸಿನ ತಂಡ, ಹತ್ತು ವರ್ಷ ದಾಟಿದ ಮಕ್ಕಳು ಅಂದರೆ ದಾಂಡೇಲಿ. ಅಪ್ಪ-ಅಮ್ಮ ಜೊತೆಗಿದ್ದರೆ, ತೊಡೆಯ ಮೇಲಿನ ಮಗು ಇದ್ದರೆ ಸಕಲೇಶಪುರ. ಹಿರಿಯರಿಗೆ ಬೇಲೂರು ಹತ್ತಿರ, ಸುಮಾರು 35 ಕಿಲೋಮೀಟರ್. ಅಲ್ಲಿಂದ ಹಳೇಬೀಡು ಇನ್ನೂ ಹತ್ತಿರ. ಹೊಯ್ಸಳರ ಈ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಒಬ್ಬರೇ ಹೋಗುವವರಿಗೆ ದಾಂಡೇಲಿ ಸ್ವಲ್ಪ ಕಷ್ಟ, ಪ್ಯಾಕೇಜುಗಳೆಲ್ಲ ಗುಂಪಿನ ಲೆಕ್ಕದಲ್ಲೇ ಇರುತ್ತವೆ. ಹಕ್ಕಿ ನೋಡುವವರಿಗೆ ಮಾತ್ರ ಒಬ್ಬರೇ ಹೋದರೆ ಇನ್ನೂ ಒಳ್ಳೆಯದು.

ಎರಡನ್ನೂ ಒಂದೇ ಸಲ ಮುಗಿಸೋಣ ಅನ್ನುವವರಿದ್ದಾರೆ. ನಡುವೆ ಒಂದು ಇಡೀ ಹಗಲಿನ ದಾರಿ ಇದೆ, ಬಿಟ್ಟುಬಿಡಿ. ದಾಂಡೇಲಿಗೆ ಒಂದು ದಿನ ಹೆಚ್ಚು ಸಿಕ್ಕರೆ ಅಣಶಿ ಘಾಟಿ ಇಳಿದು ಕಾರವಾರದ ಕಡಲು ನೋಡಿ ಬನ್ನಿ. ಸಕಲೇಶಪುರದಲ್ಲಿ ಒಂದು ದಿನ ಹೆಚ್ಚಾದರೆ ಬಿಸಿಲೆ ಮೇಲೆ ಕುಕ್ಕೆಗೆ ಹೋಗಬಹುದು, ಅಥವಾ ಎಲ್ಲಿಗೂ ಹೋಗದೆ ಇರಬಹುದು.

ಬುಕ್ ಮಾಡುವಾಗ ದಾಂಡೇಲಿಯವರಿಗೆ ಕೇಳಬೇಕಾದದ್ದು ಮೇಲೆ ಹೇಳಿದ ನೀರಿನ ವಿಷಯ, ಜೊತೆಗೆ ವಸತಿಯಿಂದ ನದಿಗೆ ಎಷ್ಟು ದೂರ, ಹೋಗಿ ಬರುವ ಗಾಡಿ ಯಾರದು. ಗಣೇಶಗುಡಿ ಕಡೆ ಫೋನ್ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ, ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಸಕಲೇಶಪುರದವರಿಗೆ ಕೇಳಬೇಕಾದದ್ದು: ನೀವು ಅಲ್ಲೇ ವಾಸ ಇದ್ದೀರಾ, ತೋಟ ಎಷ್ಟು ಎಕರೆ, ಅದರೊಳಗೆ ಹೊಳೆ ಇದೆಯಾ, ಕೊನೆಯ ರಸ್ತೆಗೆ ನಮ್ಮ ಕಾರು ಬರುತ್ತದಾ ಇಲ್ಲ ಜೀಪು ಬೇಕಾ, ರಾತ್ರಿ ಹಾಡು ಹಾಕುತ್ತೀರಾ. ಕೊನೆಯ ಪ್ರಶ್ನೆಗೆ "ಹಾಕ್ತೀವಿ ಸಾರ್, ಫುಲ್ ಸೌಂಡ್" ಅಂತ ಖುಷಿಯಿಂದ ಹೇಳಿದರೆ, ಇನ್ನೊಂದು ನಂಬರ್ ಹುಡುಕಿ.